ಹಿಸ್ಟಾರಿಕ್ ಎನ್ನಬೇಕೆ, ಹಿಸ್ಟಾರಿಕಲ್ ಎನ್ನಬೇಕೆ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದೇನೆ. ನಮ್ಮ ಊರಿನ ಹಳೆಯ ಕಲ್ಯಾಣಿಯ ಪಕ್ಕದಲ್ಲಿ ಒಂದು ಶಾಸನದ ಕಲ್ಲಿದೆ. ಮಕ್ಕಳು ಅಲ್ಲಿ ನಿಲ್ಲಿಸಲು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಒಂದು ಫಲಕ ಸಿದ್ಧಪಡಿಸುತ್ತಿದ್ದಾರೆ. ಕನ್ನಡದಲ್ಲಿ ‘ಐತಿಹಾಸಿಕ ಕಲ್ಯಾಣಿ’ ಎಂದು ಬರೆದದ್ದಾಯಿತು. ಇಂಗ್ಲಿಷಿನಲ್ಲಿ ಹಿಸ್ಟಾರಿಕ್ ಎಂದು ಕೆಲವರು, ಹಿಸ್ಟಾರಿಕಲ್ ಎಂದು ಕೆಲವರು ವಾದಿಸುತ್ತಿದ್ದಾರೆ. ಸಂವಿಧಾನದ 49ನೆಯ ವಿಧಿಯ ಇಂಗ್ಲಿಷ್ ಪಾಠದಲ್ಲಿ ಹಿಸ್ಟಾರಿಕ್ ಎಂದಿದೆ, ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಹಿಸ್ಟಾರಿಕಲ್ ಎಂದಿದೆ. ಯಾವುದು ಸರಿ? ಈ ಪದದ ಮೊದಲು ‘ಎ’ ಬರಬೇಕೋ ‘ಆನ್’ ಬರಬೇಕೋ?

ಉತ್ತರ: ನಿಮ್ಮ ಫಲಕಕ್ಕೆ ಒಪ್ಪುವ ಪದ ಹಿಸ್ಟಾರಿಕಲ್. ಆದರೆ ಇದನ್ನು ಹೇಳಿ ಮುಗಿಸಿದರೆ ಮಕ್ಕಳ ವಾದಕ್ಕೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ಅವರು ಎತ್ತಿರುವುದು ಕಾಗುಣಿತದ ಪ್ರಶ್ನೆಯಲ್ಲ, ಅರ್ಥದ ಪ್ರಶ್ನೆ. ಅದನ್ನು ಬಿಡಿಸಿಕೊಳ್ಳುವುದರಿಂದ ಇಂಗ್ಲಿಷಿನಂತೆಯೇ ಇತಿಹಾಸದ ಪಾಠಕ್ಕೂ ಲಾಭವಿದೆ.

ಹಿಸ್ಟಾರಿಕಲ್ ಎಂಬುದು ಒಂದು ವಸ್ತು ಅಥವಾ ಸಂಗತಿ ಯಾವ ವರ್ಗಕ್ಕೆ ಸೇರಿದ್ದು ಎಂಬುದನ್ನು ತಿಳಿಸುತ್ತದೆ. ಇತಿಹಾಸಕ್ಕೆ ಸೇರಿದ್ದು, ಗತಕಾಲದಲ್ಲಿ ನಿಜವಾಗಿ ಇದ್ದದ್ದು ಅಥವಾ ನಡೆದದ್ದು, ಇತಿಹಾಸದ ಅಧ್ಯಯನಕ್ಕೆ ಸಂಬಂಧಪಟ್ಟದ್ದು ಎಂಬುದಷ್ಟೇ ಅದರ ಅರ್ಥ. ಆ ಸಂಗತಿ ದೊಡ್ಡದೋ ಚಿಕ್ಕದೋ ಎಂಬ ವಿಚಾರಕ್ಕೆ ಈ ಪದ ಹೋಗುವುದಿಲ್ಲ. ಹಿಸ್ಟಾರಿಕ್ ಎಂಬುದು ಆ ಸಂಗತಿಯ ತೂಕವನ್ನು ಹೇಳುತ್ತದೆ: ಇದು ಇತಿಹಾಸದಲ್ಲಿ ಉಳಿಯುವಂಥದ್ದು, ಇದರಿಂದಾಗಿ ಮುಂದಿನ ದಿನಗಳು ಬೇರೆಯಾದವು ಎಂಬ ತೀರ್ಮಾನ ಅದರೊಳಗೆ ಅಡಗಿದೆ. ಆದ್ದರಿಂದ ಹಿಸ್ಟಾರಿಕ್ ಎಂದು ಬರೆದವರು ‘ಏಕೆ?’ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕು. ಹಿಸ್ಟಾರಿಕಲ್ ಎಂದು ಬರೆದವರನ್ನು ಕೇಳಬೇಕಾದ ಪ್ರಶ್ನೆ ಬೇರೆ: ‘ಆಧಾರವೇನು?’

ಕನ್ನಡದ ‘ಐತಿಹಾಸಿಕ’ ಈ ಎರಡೂ ಕೆಲಸಗಳನ್ನು ಒಂದೇ ಉಸಿರಿನಲ್ಲಿ ಮಾಡುತ್ತದೆ. ‘ಐತಿಹಾಸಿಕ ಕಾದಂಬರಿ’ ಎಂದಾಗ ಹಿಂದಿನ ಕಾಲದ ಕಥೆಯುಳ್ಳ ಕಾದಂಬರಿ ಎಂದು ತಿಳಿಯುತ್ತೇವೆ. ‘ಐತಿಹಾಸಿಕ ತೀರ್ಪು’ ಎಂದಾಗ ಹಳೆಯ ತೀರ್ಪು ಎಂದು ಯಾರೂ ತಿಳಿಯುವುದಿಲ್ಲ, ಮಹತ್ವದ ತೀರ್ಪು ಎಂದೇ ತಿಳಿಯುತ್ತಾರೆ. ಮುಂದಿನ ನಾಮಪದವೇ ಅರ್ಥವನ್ನು ಗೊತ್ತುಮಾಡಿಕೊಡುವುದರಿಂದ ನಮಗೆ ತೊಡಕಾಗುವುದಿಲ್ಲ. ಆದರೆ ‘ಐತಿಹಾಸಿಕ ಕಲ್ಯಾಣಿ’ ಎಂಬಲ್ಲಿ ನಾಮಪದ ಯಾವ ನೆರವನ್ನೂ ಕೊಡುವುದಿಲ್ಲ. ಹಳೆಯ ಕಾಲದ ಕಲ್ಯಾಣಿ ಎಂದೋ, ಹೆಸರಾಂತ ಕಲ್ಯಾಣಿ ಎಂದೋ ಓದುವವರು ತಮಗೆ ತೋಚಿದಂತೆ ಅರ್ಥಮಾಡಿಕೊಳ್ಳಬಹುದು. ನಿಮ್ಮ ವಿದ್ಯಾರ್ಥಿಗಳು ಇಂಗ್ಲಿಷಿಗೆ ಬಂದಾಗ ಎರಡು ಗುಂಪಾಗಿದ್ದರೆ, ಕನ್ನಡದಲ್ಲಿ ಆ ವಾಕ್ಯವನ್ನು ಅವರು ಎರಡು ಬಗೆಯಲ್ಲಿ ಗ್ರಹಿಸಿದ್ದರೆಂದೇ ಅದರ ಅರ್ಥ. ನಮ್ಮ ಜಾತ್ರೆಗಳ ಕರಪತ್ರಗಳಲ್ಲಿ ಕಾಣುವ ‘ಇತಿಹಾಸ ಪ್ರಸಿದ್ಧ’ ಎಂಬ ಮಾತು ಹಿಸ್ಟಾರಿಕ್ ಎಂಬುದರ ಕಡೆಗೆ ವಾಲುತ್ತದೆಯಾದರೂ, ಅಲ್ಲಿ ಪ್ರಸಿದ್ಧಿಗೆ ಒತ್ತು ಹೆಚ್ಚು, ಪರಿಣಾಮಕ್ಕೆ ಕಡಿಮೆ.

ಮಕ್ಕಳಿಗೆ ಈ ಭೇದವನ್ನು ತೋರಿಸಲು ನಿಮ್ಮ ಜಿಲ್ಲೆಯಲ್ಲೇ ದೊರೆತ ಒಂದು ಕಲ್ಲಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ನಡುಭಾಗದ ಆ ಶಾಸನ ಎರಡು ಸಂಗತಿಗಳನ್ನು ಹೇಳುತ್ತದೆ. ಮೊದಲನೆಯದು ತಕ್ಕೋಲದ ಯುದ್ಧ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಅವನ ಜೊತೆಗಿದ್ದ ಗಂಗರ ಇಮ್ಮಡಿ ಬೂತುಗನೂ 949ರಲ್ಲಿ ಚೋಳರನ್ನು ಎದುರಿಸಿದರು. ಚೋಳ ರಾಜಕುಮಾರ ರಾಜಾದಿತ್ಯ ಆ ಯುದ್ಧದಲ್ಲಿ ಸತ್ತನು. ಎರಡನೆಯದು ಒಂದು ನಾಯಿಯ ಕಥೆ. ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಬೂತುಗ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ನಾಯಿ ಮತ್ತು ಹಂದಿ ಕಾದಾಡುವ ಚಿತ್ರವೂ ಆ ಕಲ್ಲಿನ ಮೇಲಿದೆ.

ಈಗ ಪದಗಳನ್ನು ಹೊಂದಿಸಿ ನೋಡಿ. ತಕ್ಕೋಲದ ಯುದ್ಧ ಹಿಸ್ಟಾರಿಕ್. ಚೋಳರ ಬೆಳವಣಿಗೆಯನ್ನು ಅದು ಕೆಲವು ದಶಕಗಳ ಕಾಲ ತಡೆದು ನಿಲ್ಲಿಸಿತು, ದಕ್ಷಿಣದ ರಾಜಕೀಯದ ನಕ್ಷೆ ಅದರಿಂದ ಬದಲಾಯಿತು. ಕಾಳಿಯ ಹೋರಾಟ ಹಿಸ್ಟಾರಿಕಲ್. ಅದು ನಡೆದದ್ದಕ್ಕೆ ಸಮಕಾಲೀನ ದಾಖಲೆಯಿದೆ, ಆದರೆ ಅದರಿಂದ ಯಾವ ರಾಜ್ಯದ ಗಡಿಯೂ ಅಲುಗಾಡಲಿಲ್ಲ. ಆ ಕಲ್ಲು ಇತಿಹಾಸಕಾರರ ಪಾಲಿಗೆ ಹಿಸ್ಟಾರಿಕಲ್ ಡಾಕ್ಯುಮೆಂಟ್. ತಕ್ಕೋಲದ ಯುದ್ಧವನ್ನು ಹಿಸ್ಟಾರಿಕಲ್ ಎಂದೂ ಕರೆಯಬಹುದು, ಏಕೆಂದರೆ ಅದು ಗತಕಾಲದಲ್ಲಿ ನಿಜವಾಗಿ ನಡೆದದ್ದು. ಆದರೆ ಕಾಳಿಯ ಹೋರಾಟವನ್ನು ಹಿಸ್ಟಾರಿಕ್ ಎಂದರೆ ಆ ಮಾತು ಜಗ್ಗುತ್ತದೆ. ಒಂದು ಪದ ಎಲ್ಲವನ್ನೂ ಒಳಗೊಳ್ಳುತ್ತದೆ; ಇನ್ನೊಂದು ಅದರೊಳಗಿನಿಂದ ಕೆಲವನ್ನಷ್ಟೇ ಆರಿಸುತ್ತದೆ.

ಇಲ್ಲಿ ನನಗೆ ಒಂದು ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ. ಹಿಸ್ಟಾರಿಕ್ ಎಂದರೆ ಗೌರವ, ಹಿಸ್ಟಾರಿಕಲ್ ಎಂದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಎಂಬ ಭಾವನೆ ನಮ್ಮಲ್ಲಿ ಬೆಳೆದುಬಿಟ್ಟಿದೆ. ತಮ್ಮ ಊರಿನ ಕಲ್ಯಾಣಿಗೆ ದೊಡ್ಡ ಪದವೇ ಸಲ್ಲಬೇಕೆಂದು ಮಕ್ಕಳು ಬಯಸುವುದು ಸಹಜ. ಅದು ಒಳ್ಳೆಯ ಆಸೆಯೂ ಹೌದು. ಆದರೆ ಆತಕೂರಿನ ಶಾಸನದಿಂದ ಸಾವಿರ ವರ್ಷಗಳ ಹಿಂದಿನ ಒಬ್ಬ ಯೋಧನಿಗೆ ತನ್ನ ನಾಯಿಯ ಮೇಲೆ ಎಷ್ಟು ಮಮತೆಯಿತ್ತು ಎಂಬುದು ನಮಗೆ ತಿಳಿಯುತ್ತದೆ. ಯುದ್ಧಗಳ ಸುದ್ದಿ ನಾಲ್ಕಾರು ಕಡೆ ಸಿಗುತ್ತದೆ. ಇಂತಹ ಸುದ್ದಿ ಸಿಗುವುದು ಅಪರೂಪ. ಹಿಸ್ಟಾರಿಕಲ್ ಎನಿಸಿಕೊಳ್ಳುವುದು ಯಾವ ಕಲ್ಲಿಗೂ, ಯಾವ ಕಲ್ಯಾಣಿಗೂ ಕಡಿಮೆ ಮಾನವಲ್ಲ.

ಒಂದೇ ವಸ್ತುವಿಗೆ ಎರಡೂ ಪದಗಳು ಬೇರೆಬೇರೆ ಕಾರಣಗಳಿಂದ ಸಲ್ಲುವುದೂ ಉಂಟು. ಮಕ್ಕಳನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಕರೆದುಕೊಂಡು ಹೋದರೆ ಪಶ್ಚಿಮದ ಗೋಡೆಯ ಎದುರು ಸ್ವಲ್ಪ ಹೊತ್ತು ನಿಲ್ಲಿಸಿ. ಆನೆ, ಕುದುರೆ, ಫಿರಂಗಿಗಳು ಕಿಕ್ಕಿರಿದಿರುವ ಆ ಚಿತ್ರ 1780ರಲ್ಲಿ ನಡೆದ ಪೊಳ್ಳಿಲೂರು ಕದನದ್ದು. ಕರ್ನಲ್ ಬೈಲಿಯ ಪಡೆಯನ್ನು ಹೈದರ್ ಮತ್ತು ಟಿಪ್ಪು ಸೋಲಿಸಿದ ಕದನವದು. ಇಂಗ್ಲಿಷರ ಪಡೆ ಕಟ್ಟಿದ ಚೌಕದ ನಡುವೆ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿರುವುದು ಅಲ್ಲಿ ಕಾಣುತ್ತದೆ. ಅದು ಹಿಸ್ಟಾರಿಕಲ್ ಪೇಂಟಿಂಗ್, ಏಕೆಂದರೆ ಅದರ ವಸ್ತು ಇತಿಹಾಸದ ಒಂದು ಘಟನೆ. ಇಂದು ಯಾರಾದರೂ ಅದೇ ಕದನವನ್ನು ಹೊಸದಾಗಿ ಕ್ಯಾನ್ವಾಸಿನ ಮೇಲೆ ಬರೆದರೆ ಅದೂ ಹಿಸ್ಟಾರಿಕಲ್ ಪೇಂಟಿಂಗ್ ಎನಿಸಿಕೊಳ್ಳುತ್ತದೆ, ಬಣ್ಣ ಇನ್ನೂ ಆರದಿದ್ದರೂ. ಆ ಗೋಡೆಯ ಚಿತ್ರವನ್ನು ಹಿಸ್ಟಾರಿಕ್ ಎನ್ನಲು ಕಾರಣ ಬೇರೆ: ಗೆದ್ದವರು ತಮ್ಮ ಗೆಲುವನ್ನು ತಾವೇ ಚಿತ್ರಿಸಿಕೊಂಡ, ಇಂಗ್ಲಿಷರ ಸೋಲನ್ನು ಅಷ್ಟು ವಿಸ್ತಾರವಾಗಿ ತೋರಿಸಿದ ಚಿತ್ರಗಳು ಬಹಳಿಲ್ಲ. ಈ ಎರಡು ಕಾರಣಗಳನ್ನು ಮಕ್ಕಳು ಬೇರ್ಪಡಿಸಿ ಹೇಳಬಲ್ಲರಾದರೆ ಅವರಿಗೆ ವ್ಯಾಕರಣ ಪುಸ್ತಕದ ಅಗತ್ಯವಿರುವುದಿಲ್ಲ.

ಹಿಸ್ಟಾರಿಕಲ್ ಪದಕ್ಕೆ ಇನ್ನೊಂದು ಮುಖವಿದೆ. ಅಲ್ಲಿ ಹಿಸ್ಟಾರಿಕ್ ಸ್ವಲ್ಪವೂ ಹೊಂದುವುದಿಲ್ಲ. ಪುರಾಣಕ್ಕೆ ಎದುರಾಗಿ, ನಿಜವಾಗಿ ಬದುಕಿದ್ದವರು ಎಂದು ಸೂಚಿಸುವಾಗ ಇಂಗ್ಲಿಷಿನಲ್ಲಿ ಹಿಸ್ಟಾರಿಕಲ್ ಎಂದೇ ಹೇಳಬೇಕು. ಮೈಸೂರಿಗೆ ಹೆಸರು ಬಂದದ್ದು ಯಾರಿಂದಲೆಂದು ಹೇಳುತ್ತೇವೆಯೋ ಆ ಮಹಿಷಾಸುರ ಪುರಾಣದ ಪಾತ್ರ. ಹೈದರಾಲಿ ಹಿಸ್ಟಾರಿಕಲ್ ವ್ಯಕ್ತಿ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಹಿಸ್ಟಾರಿಕಲ್ ವ್ಯಕ್ತಿ ಎಂದರೆ ಅವರು ನಿಜವಾಗಿ ಬಾಳಿ ಬದುಕಿದವರೆಂದು ಅರ್ಥ. ಅವರನ್ನು ಹಿಸ್ಟಾರಿಕ್ ವ್ಯಕ್ತಿ ಎಂದರೆ ಅವರಿಂದ ಧರ್ಮದ, ಸಮಾಜದ ದಾರಿ ಬದಲಾಯಿತೆಂದು ಅರ್ಥ. ಎರಡೂ ಸರಿ, ಆದರೆ ಎರಡೂ ಒಂದೇ ಹೇಳಿಕೆಯಲ್ಲ. ಸಂಶೋಧನಾ ಬರಹಗಳಲ್ಲಿ ಕಾಣುವ ‘ಹಿಸ್ಟಾರಿಸಿಟಿ’ ಎಂಬ ನಾಮಪದ ಸಾಮಾನ್ಯವಾಗಿ ಈ ನೈಜತೆಯ ಅರ್ಥದಲ್ಲೇ ಬರುತ್ತದೆ, ಮಹತ್ವದ ಅರ್ಥದಲ್ಲಲ್ಲ.

ಕಾಲದ ವಿಷಯದಲ್ಲೂ ಇವೆರಡೂ ಬೇರೆಯಾಗಿ ನಡೆಯುತ್ತವೆ. ಹಿಸ್ಟಾರಿಕಲ್ ಹಿಂದಕ್ಕೆ ಮಾತ್ರ ನೋಡುತ್ತದೆ. ಹಿಸ್ಟಾರಿಕ್ ಎಂಬುದನ್ನು ಇಂದು, ಈ ಕ್ಷಣ ನಡೆಯುತ್ತಿರುವ ಸಂಗತಿಗೂ ಹೇಳಬಹುದು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದಾಗ ಅಂದೇ ಅದನ್ನು ಹಿಸ್ಟಾರಿಕ್ ದಿನ ಎನ್ನಲು ಅಡ್ಡಿಯಿರಲಿಲ್ಲ. ಆ ಘಟನೆ ಹಿಸ್ಟಾರಿಕಲ್ ಎನಿಸಿಕೊಳ್ಳಲು ಕಾಲ ಸರಿಯಬೇಕಾಯಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಸರ್ಕಾರದ ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜ ಏರಿಸಿದವರು ಮಾಡಿದ್ದು ಹಿಸ್ಟಾರಿಕ್ ಕೆಲಸವೆಂಬುದು ಅಲ್ಲಿ ನೆರೆದಿದ್ದ ಜನರಿಗೆ ಅಂದೇ ತಿಳಿದಿತ್ತೆಂದು ಊಹಿಸಬಹುದು. ಆ ನೆಲ ಹಿಸ್ಟಾರಿಕ್ ಸ್ಥಳ. ಅಲ್ಲಿ ನೆನಪಿಗಾಗಿ ಅನಂತರ ಕಟ್ಟಿದ ಸತ್ಯಾಗ್ರಹ ಸೌಧವನ್ನು ಮಾತ್ರ ಹಿಸ್ಟಾರಿಕ್ ಕಟ್ಟಡ ಎಂದು ಬರೆಯುವುದು ಸರಿಯಲ್ಲ. ಘಟನೆ ನಡೆದಾಗ ಆ ಕಟ್ಟಡವೇ ಇರಲಿಲ್ಲ. ಪ್ರವಾಸಿಗರಿಗೆಂದು ಬರೆಯುವ ಇಂಗ್ಲಿಷ್ ಬರಹಗಳಲ್ಲಿ ಸ್ಥಳಕ್ಕೂ ಸ್ಮಾರಕಕ್ಕೂ ಒಂದೇ ವಿಶೇಷಣ ಹಚ್ಚುವ ಅಭ್ಯಾಸವಿದೆ, ಅದು ಓದುಗರನ್ನು ದಾರಿ ತಪ್ಪಿಸುತ್ತದೆ.

ಕೃಷ್ಣರಾಜಸಾಗರದ ನೀರಿನ ಮಟ್ಟದ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದುವ ಮಂಡ್ಯದವರಿಗೆ ಇನ್ನೊಂದು ಬಳಕೆ ಪರಿಚಿತವಿರಬೇಕು. ಹಿಸ್ಟಾರಿಕಲ್ ಲೆವೆಲ್ ಎಂದರೆ ಹಿಂದಿನ ವರ್ಷಗಳಲ್ಲಿ ದಾಖಲಾದ ಮಟ್ಟಗಳು, ಅಷ್ಟೆ, ಅಣೆಕಟ್ಟು 124.80 ಅಡಿಯ ಪೂರ್ಣ ಮಟ್ಟ ಮುಟ್ಟಿದ ದಿನವೂ ಅದರಲ್ಲಿದೆ, ಏನೂ ವಿಶೇಷವಿಲ್ಲದ ಬೇಸಿಗೆಯ ದಿನವೂ ಇದೆ. ಹಿಸ್ಟಾರಿಕ್ ಲೋ ಎಂದರೆ ಈವರೆಗೆ ದಾಖಲಾದುದರಲ್ಲೇ ಅತ್ಯಂತ ಕೆಳಗಿನ ಮಟ್ಟ. ಮೊದಲನೆಯದನ್ನು ಓದಿ ಎಂಜಿನಿಯರು ಲೆಕ್ಕ ಹಾಕುತ್ತಾರೆ, ಎರಡನೆಯದನ್ನು ಓದಿ ರೈತರು ಗಾಬರಿಯಾಗುತ್ತಾರೆ.

ಇನ್ನು ಸಂವಿಧಾನ ಮತ್ತು ಕಾಯ್ದೆಯ ಪ್ರಶ್ನೆ. ನೀವು ಗಮನಿಸಿರುವುದು ನಿಜ. ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕ, ಸ್ಥಳ, ವಸ್ತುಗಳನ್ನು ರಾಜ್ಯವು ಕಾಪಾಡಬೇಕೆಂದು ವಿಧಿಸುವ 49ನೆಯ ವಿಧಿಯಲ್ಲಿ ‘ಕಲಾತ್ಮಕ ಅಥವಾ ಐತಿಹಾಸಿಕ ಆಸಕ್ತಿ’ ಎಂಬ ಅರ್ಥದ ಕಡೆ ಇಂಗ್ಲಿಷ್ ಪಾಠ ಹಿಸ್ಟಾರಿಕ್ ಎನ್ನುತ್ತದೆ. ಅದೇ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ, ಕೇಂದ್ರ ಪಟ್ಟಿಯ 67ನೆಯ ನಮೂದೂ ರಾಜ್ಯ ಪಟ್ಟಿಯ 12ನೆಯ ನಮೂದೂ ಪ್ರಾಚೀನ ಸ್ಮಾರಕಗಳನ್ನು ಹೇಳುವಾಗ ಹಿಸ್ಟಾರಿಕಲ್ ಎನ್ನುತ್ತವೆ. 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ಸ್ಥಳಗಳ ಕೇಂದ್ರ ಕಾಯ್ದೆ, ಕನಿಷ್ಠ ನೂರು ವರ್ಷ ಹಳೆಯದಾದ, ಐತಿಹಾಸಿಕ, ಪುರಾತತ್ವ ಅಥವಾ ಕಲೆಯ ದೃಷ್ಟಿಯಿಂದ ಆಸಕ್ತಿಯುಳ್ಳ ರಚನೆಯನ್ನು ಪ್ರಾಚೀನ ಸ್ಮಾರಕ ಎನ್ನುತ್ತದೆ. ಅಲ್ಲಿಯೂ ಇರುವುದು ಹಿಸ್ಟಾರಿಕಲ್. ನಮ್ಮ ರಾಜ್ಯದ 1961ರ ಕಾಯ್ದೆಯ ಹೆಸರಿನಲ್ಲಿಯೂ ಅದೇ ಪದವಿದೆ.

ಇದನ್ನು ಒಂದು ಕಡೆಯ ತಪ್ಪು ಎನ್ನುವಂತಿಲ್ಲ. 1958ರ ಕಾಯ್ದೆಯ ವ್ಯಾಖ್ಯೆಯಲ್ಲಿರುವ ಪದಸಾಲು 1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆಯಲ್ಲಿಯೇ ಇತ್ತು. ಕಾನೂನು ತನ್ನ ಹಳೆಯ ಮಾತನ್ನು ಹಾಗೆಯೇ ಮುಂದುವರಿಸಿತು. ಇತ್ತ ‘ಹಿಸ್ಟಾರಿಕ್ ಇಂಟರೆಸ್ಟ್’ ಎಂಬುದೂ ಇಂಗ್ಲೆಂಡಿನ ಕಾನೂನಿನಲ್ಲಿ ರೂಢವಾದ ನುಡಿ. ರಕ್ಷಿಸಬೇಕಾದ ಕಟ್ಟಡಗಳನ್ನು ಪಟ್ಟಿಮಾಡುವ ಅಲ್ಲಿನ ಕಾಯ್ದೆಗಳಲ್ಲಿ ಆ ಮಾತು ಇಂದಿಗೂ ಇದೆ. ಎರಡು ಸಂಪ್ರದಾಯಗಳು ನಮ್ಮ ಕಾನೂನಿನಲ್ಲಿ ಬಂದು ಕೂಡಿವೆ. ಹೀಗಿದ್ದರೂ ಅರ್ಥದ ದೃಷ್ಟಿಯಿಂದ ಎರಡು ಪದಗಳೂ ತಮ್ಮ ತಮ್ಮ ಸ್ಥಳದಲ್ಲಿ ಚೆನ್ನಾಗಿಯೇ ಕೂತಿವೆ ಎಂಬುದು ನನ್ನ ಅಭಿಪ್ರಾಯ: 49ನೆಯ ವಿಧಿ ಆಯ್ದ ಕೆಲವನ್ನು ಕಾಪಾಡುವ ಹೊಣೆಯ ಮಾತು, ಅನುಸೂಚಿ ಒಂದು ಇಡೀ ವರ್ಗದ ಮೇಲಿನ ಅಧಿಕಾರದ ಮಾತು. ಬರೆದವರ ಉದ್ದೇಶ ಅದೇ ಆಗಿತ್ತೆಂದು ನಾನು ವಾದಿಸುವುದಿಲ್ಲ. ಇಷ್ಟಂತೂ ಖಚಿತ, ಹಿಂದಿನ ಶತಮಾನಗಳ ಇಂಗ್ಲಿಷಿನಲ್ಲಿ ಈ ಎರಡು ಪದಗಳನ್ನು ಒಂದರ ಬದಲು ಇನ್ನೊಂದನ್ನು ಧಾರಾಳವಾಗಿ ಬಳಸುತ್ತಿದ್ದರು. ಇಂದಿನ ಭೇದ ಕ್ರಮೇಣ ಗಟ್ಟಿಯಾದದ್ದು. ಎರಡರಲ್ಲಿ ಹಿಸ್ಟಾರಿಕಲ್ ಇಂಗ್ಲಿಷಿಗೆ ಮೊದಲು ಬಂದದ್ದು. ಆದ್ದರಿಂದ ಹಳೆಯ ಪುಸ್ತಕದಲ್ಲಿ ಅದಲುಬದಲಾಗಿದ್ದರೆ ಮಕ್ಕಳು ಕೆಂಪು ಶಾಯಿಯಲ್ಲಿ ತಿದ್ದಬೇಕಿಲ್ಲ, ಆದರೆ ತಾವು ಬರೆಯುವಾಗ ಇಂದಿನ ಭೇದವನ್ನು ಪಾಲಿಸಬೇಕು. ಹಳೆಯ ಬಳಕೆಯ ಕುರುಹುಗಳು ಇನ್ನೂ ಕೆಲವು ಉಳಿದಿವೆ: ನಡೆದುಹೋದ ಕಥೆಯನ್ನು ವರ್ತಮಾನದಲ್ಲಿ ಹೇಳುವ ಕ್ರಮವನ್ನು ವ್ಯಾಕರಣದಲ್ಲಿ ಹಿಸ್ಟಾರಿಕ್ ಪ್ರೆಸೆಂಟ್ ಎಂದೂ ಹಿಸ್ಟಾರಿಕಲ್ ಪ್ರೆಸೆಂಟ್ ಎಂದೂ ಕರೆಯುತ್ತಾರೆ, ಇತಿಹಾಸಪೂರ್ವ ಎಂಬುದಕ್ಕೆ ಪ್ರಿಹಿಸ್ಟಾರಿಕ್ ಎಂಬುದೇ ರೂಢಿಯಲ್ಲಿ ನಿಂತಿದೆ, ಅಲ್ಲಿ ಮಹತ್ವದ ಮಾತೇ ಇಲ್ಲ.

ಅನುಮಾನ ಬಂದಾಗ ಪರೀಕ್ಷಿಸಿಕೊಳ್ಳಲು ಒಂದು ಸರಳ ದಾರಿಯಿದೆ. ‘ಅತ್ಯಂತ’ ಎಂಬುದನ್ನು ಆ ಪದದ ಮೊದಲು ಸೇರಿಸಿ ನೋಡಿ. ಅತ್ಯಂತ ಹಿಸ್ಟಾರಿಕ್ ಕ್ಷಣ ಎಂಬುದಕ್ಕೆ ಅರ್ಥವಿದೆ, ತೂಕದಲ್ಲಿ ಹೆಚ್ಚು ಕಡಿಮೆ ಉಂಟು. ಅತ್ಯಂತ ಹಿಸ್ಟಾರಿಕಲ್ ದಾಖಲೆ ಎಂಬುದಕ್ಕೆ ಅರ್ಥವಿಲ್ಲ. ಒಂದು ದಾಖಲೆ ಇತಿಹಾಸಕ್ಕೆ ಸೇರಿರುತ್ತದೆ ಅಥವಾ ಸೇರಿರುವುದಿಲ್ಲ. ಕ್ರಿಯಾವಿಶೇಷಣ ಮಾಡುವಾಗ ಮಾತ್ರ ಇಂಗ್ಲಿಷ್ ಈ ಭೇದವನ್ನು ಕೈಬಿಡುತ್ತದೆ, ಎರಡಕ್ಕೂ ಹಿಸ್ಟಾರಿಕಲಿ ಎಂಬ ಒಂದೇ ರೂಪ.

ಇದೇ ಬಗೆಯ ಇತರ ಜೋಡಿಗಳಿಗೂ ಈ ಸೂತ್ರವನ್ನು ಹಚ್ಚಬಹುದೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಹಚ್ಚಬಾರದು. ಕ್ಲಾಸಿಕ್ ಮತ್ತು ಕ್ಲಾಸಿಕಲ್ ಜೋಡಿ ಸ್ವಲ್ಪ ಮಟ್ಟಿಗೆ ಇದೇ ಹಾದಿಯಲ್ಲಿದೆ: 2008ರಲ್ಲಿ ಕನ್ನಡಕ್ಕೆ ದೊರೆತದ್ದು ಕ್ಲಾಸಿಕಲ್ ಭಾಷೆಯ ಸ್ಥಾನ, ಅದು ಪ್ರಾಚೀನ ಪರಂಪರೆಯುಳ್ಳ ಭಾಷೆಗಳ ಒಂದು ವರ್ಗ; ಕ್ಲಾಸಿಕ್ ಎಂಬುದು ಒಂದು ಕೃತಿಯ ಶ್ರೇಷ್ಠತೆಯನ್ನು ಹೇಳುವ ಪದ. ಆದರೆ ಎಕನಾಮಿಕ್ ಮತ್ತು ಎಕನಾಮಿಕಲ್ ಜೋಡಿ ಸರಿಯಾಗಿ ತಿರುಗುಮುರುಗು. ಅಲ್ಲಿ ಚಿಕ್ಕ ಪದ ಕ್ಷೇತ್ರವನ್ನು ಹೇಳುತ್ತದೆ, ಉದ್ದ ಪದ ಗುಣವನ್ನು ಹೇಳುತ್ತದೆ: ಕಬ್ಬು ಬೆಳೆಗಾರರ ಆರ್ಥಿಕ ಸ್ಥಿತಿ ಎಕನಾಮಿಕ್, ನೀರೂ ಹಣವೂ ಉಳಿಯುವ ಹನಿ ನೀರಾವರಿ ಎಕನಾಮಿಕಲ್. ಎಲೆಕ್ಟ್ರಿಕ್, ಎಲೆಕ್ಟ್ರಿಕಲ್ ಎಂಬಲ್ಲಿ ಭೇದ ಬಹುಮಟ್ಟಿಗೆ ರೂಢಿಯದು. ಬಸ್ಸು ಎಲೆಕ್ಟ್ರಿಕ್, ಅಂಗಡಿ ಎಲೆಕ್ಟ್ರಿಕಲ್. ಪ್ರತಿ ಜೋಡಿಯನ್ನೂ ಬೇರೆಯಾಗಿಯೇ ಕಲಿಯಬೇಕು.

ಫಲಕದ ವಿಷಯಕ್ಕೆ ಬರೋಣ. ಹಿಸ್ಟಾರಿಕಲ್ ಎಂದು ಬರೆಯಲು ಆಧಾರ ಬೇಕೆಂದೆ; ನಿಮ್ಮ ಬಳಿ ಶಾಸನದ ಕಲ್ಲಿದೆ, ಆದರೆ ಅದನ್ನು ಓದಿದವರಿದ್ದಾರೆಯೆ ಎಂದು ನೀವು ತಿಳಿಸಿಲ್ಲ. ಬಿ.ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕು, ಊರುಗಳ ಪ್ರಕಾರ ಕೊಟ್ಟಿದ್ದಾರೆ. ಹಳೆಯ ಮೈಸೂರು ಜಿಲ್ಲೆಯ ಮೊದಲ ಭಾಗವಾದ ಮೂರನೆಯ ಸಂಪುಟ 1894ರಲ್ಲಿ ಪ್ರಕಟವಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನೂ ಹೊರತಂದಿದೆ. ನಿಮ್ಮ ಊರಿನ ಹೆಸರು ಅಲ್ಲಿದೆಯೆ ಎಂದು ಮಕ್ಕಳಿಂದಲೇ ಹುಡುಕಿಸಿ. ಸಿಕ್ಕರೆ, ಕಾಲ, ರಾಜನ ಹೆಸರು, ಕಲ್ಯಾಣಿ ಕಟ್ಟಿಸಿದವರ ವಿವರ, ಇವುಗಳಲ್ಲಿ ಏನೇನು ತಿಳಿಯುತ್ತದೆಯೋ ಅದನ್ನು ಫಲಕದಲ್ಲಿ ಬರೆಯಿಸಿ, ಹಿಸ್ಟಾರಿಕಲ್ ಪದವನ್ನು ಧೈರ್ಯವಾಗಿ ಬಳಸಿ. ಕನ್ನಡದ ಕಡೆಯೂ ‘ಐತಿಹಾಸಿಕ ಕಲ್ಯಾಣಿ’ ಎಂದು ನಿಲ್ಲಿಸದೆ ‘ಇಂಥ ಶತಮಾನದ ಕಲ್ಯಾಣಿ’ ಎಂದು ಬರೆದರೆ ಓದುವವರಿಗೆ ಹೆಚ್ಚು ತಿಳಿಯುತ್ತದೆ. ಶಾಸನ ಸಂಪುಟಗಳಲ್ಲಿ ಸಿಗದಿದ್ದರೆ, ಓದುವವರು ದೊರೆಯುವ ತನಕ ಇಂಗ್ಲಿಷಿನಲ್ಲಿ ಓಲ್ಡ್ ಎಂದೂ ಕನ್ನಡದಲ್ಲಿ ಹಳೆಯ ಎಂದೂ ಬರೆಯುವುದೇ ಪ್ರಾಮಾಣಿಕ. ಆ ಕಲ್ಲಿನ ಮೇಲೆ ಸೀಮೆಸುಣ್ಣ, ಬಣ್ಣ ಹಚ್ಚಿ ಅಕ್ಷರ ಎದ್ದು ಕಾಣುವಂತೆ ಮಾಡಲು ಮಾತ್ರ ಯಾರಿಗೂ ಬಿಡಬೇಡಿ. ಒರಟು ಕೈಯಿಂದ ಉಜ್ಜಿದರೆ ಅಕ್ಷರವೇ ಅಳಿಸಿಹೋಗುತ್ತದೆ.

ಕೊನೆಯದಾಗಿ ‘ಎ’ ಮತ್ತು ‘ಆನ್’. ಇಂಗ್ಲಿಷಿನಲ್ಲಿ ಇದನ್ನು ನಿರ್ಧರಿಸುವುದು ಅಕ್ಷರವಲ್ಲ, ಉಚ್ಚಾರಣೆ. ಹಿಸ್ಟರಿ ಎಂಬಲ್ಲಿ ಒತ್ತು ಮೊದಲ ಭಾಗದ ಮೇಲೆ ಬೀಳುವುದರಿಂದ ಹಕಾರ ಸ್ಪಷ್ಟವಾಗಿ ಕೇಳುತ್ತದೆ. ಹಿಸ್ಟಾರಿಕ್, ಹಿಸ್ಟಾರಿಕಲ್ ಎಂಬಲ್ಲಿ ಒತ್ತು ಎರಡನೆಯ ಭಾಗಕ್ಕೆ ಜರುಗುವುದರಿಂದ ಮೊದಲಿನ ಹಕಾರ ಸಡಿಲವಾಗುತ್ತದೆ. ಹಿಂದೆ ಅನೇಕರು ಅದನ್ನು ಬಿಟ್ಟೇ ಉಚ್ಚರಿಸುತ್ತಿದ್ದರು, ಹಾಗಾಗಿ ‘ಆನ್’ ಬರೆಯುತ್ತಿದ್ದರು. ಇಂದಿಗೂ ಕೆಲವರು ಆ ರೂಢಿಯನ್ನು ಬಿಟ್ಟಿಲ್ಲ. ನಮ್ಮ ಶಾಲೆಗಳಲ್ಲಿ ಹಕಾರವನ್ನು ಪೂರ್ತಿಯಾಗಿ ಉಚ್ಚರಿಸುವುದನ್ನೇ ಕಲಿಸುತ್ತೇವೆ, ಆದ್ದರಿಂದ ನಿಮ್ಮ ಫಲಕದಲ್ಲಿ ‘ಎ’ ಇರಲಿ.